ಟ್ಯಾಂಕರ್ ನೀರಿಗೂ ಬಾಡುತ್ತಿದ್ದ ಮರಗಳು ಕ್ಯಾನ್ ನೀರಿಗೆ ಉಳಿದವು

"ಮಳೆ ಬಂದರೆ ತಾನಾಗೇ ಚಿಗುರುತ್ತೆ ಬಿಡಿ ಮೇಡಂ, ಸುಮ್ನೆ ಯಾಕೆ ಒದ್ದಾಡ್ತೀರಾ" ಅಂತ ನಮ್ಮ ಬೀದಿಯ ಅರ್ಧ ಜನ ಹೇಳಿದ್ದರು. 2024ರ ಮಾರ್ಚ್ ಅದು. ಹಿಂದಿನ ವರ್ಷದ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಗಿತ್ತು. ಹಾಸನದ ವಿದ್ಯಾನಗರದಲ್ಲಿ ನಮ್ಮ ಎರಡು ಕ್ರಾಸ್ ಸೇರಿ 40ರಷ್ಟು ಮರ. ಹೊಂಗೆ, ನೇರಳೆ, ಸಂಪಿಗೆ, ಹೊಳೆದಾಸವಾಳ. ಅದರಲ್ಲಿ 37 ಉಳಿಸಿಕೊಂಡೆವು, ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಕಳೆದದ್ದು ಹೇಳುತ್ತೇನೆ. ನಾಲ್ಕು ಟ್ಯಾಂಕರ್ ತರಿಸಿದೆವು, ಒಂದಕ್ಕೆ 800 ರೂಪಾಯಿ ಇರಬೇಕು. ಪೈಪ್ ಹಿಡಿದು ಬುಡಕ್ಕೆ ಬಿಟ್ಟರೆ ಕಾದ ಕೆಂಪುಮಣ್ಣು ನೀರು ಕುಡಿಯಲೇ ಇಲ್ಲ, ಎಲ್ಲಾ ಚರಂಡಿ ಸೇರಿತು. ಮರುದಿನ ಹಾರೆ ಹಾಕಿ ನೋಡಿದರೆ ನಾಲ್ಕು ಬೆರಳು ಕೆಳಗೆ ಒಣ ಪುಡಿ. ಅವತ್ತು ನನಗೆ ಅಳುವೇ ಬಂತು.

ಆಮೇಲೆ ಬುಡ ಬಿಟ್ಟೆವು. ಮರದ ನೆರಳಿನ ಅಂಚಿನಲ್ಲಿ, ನೀರು ಎಳೆಯುವ ಸಣ್ಣ ಬೇರು ಇರುವ ಕಡೆ, ಹಾರೆಯಲ್ಲಿ ಮೊಳದುದ್ದ ಮೂರು ಗುಂಡಿ. ಒಳಗೆ ತೆಂಗಿನ ನಾರು ತುಂಬಿ, ಮೇಲೆ ತಳ ತೂತು ಮಾಡಿದ 20 ಲೀಟರ್ ಕ್ಯಾನ್ ಇಟ್ಟೆವು. ಗುಜರಿಯಿಂದ ತಂದ ಹಳೇ ಕ್ಯಾನ್, ಒಂದಕ್ಕೆ 30 ರೂಪಾಯಿ ಹಾಗೆ 20 ತಂದೆವು. ಒಂದು ಕ್ಯಾನ್ ಖಾಲಿಯಾಗಲು ಐದಾರು ಗಂಟೆ ಹಿಡಿಯಬೇಕು, ಬೇಗ ಖಾಲಿಯಾದರೆ ತೂತು ದೊಡ್ಡದಾಗಿದೆ ಅಂತ ಅರ್ಥ. ತೂತಿಗೆ ಕಸ ಕಟ್ಟದಂತೆ ನಾನು ಒಳಗೆ ಒಂದು ವಸ್ತು ಇಡುತ್ತೇನೆ, ಅದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ, ಬಂದವರಿಗೆ ತೋರಿಸುತ್ತೇನೆ.

ದಿನಕ್ಕೆ ಐದು ಮರದ ಸರದಿ, ಒಂದು ಮರಕ್ಕೆ ಎಂಟು ದಿನಕ್ಕೊಮ್ಮೆ 60 ಲೀಟರ್, ಅಷ್ಟೇ. ಆಮೇಲೆ ಟ್ಯಾಂಕರ್ ಕರೆಸಲೇ ಇಲ್ಲ. ಹದಿನೈದು ಮನೆಯವರು ಅಕ್ಕಿ, ತರಕಾರಿ ತೊಳೆದ ನೀರು ಮತ್ತು ಫಿಲ್ಟರ್‌ನಿಂದ ಹೊರಹೋಗುವ ನೀರನ್ನು ಗೇಟಿನ ಹತ್ತಿರ ಬಕೆಟ್‌ನಲ್ಲಿ ಇಡುತ್ತಿದ್ದರು. ಫಿಲ್ಟರ್ ನೀರು ಹೇಮಾವತಿ ನೀರು ಬರುವ ಮನೆಗಳದ್ದು ಮಾತ್ರ, ಬೋರ್‌ವೆಲ್ ಮನೆಯದ್ದರಲ್ಲಿ ಉಪ್ಪು ಜಾಸ್ತಿ. ಬಟ್ಟೆ ತೊಳೆದ ನೀರನ್ನೂ ಒಂದು ಸಂಪಿಗೆಗೆ ಹಾಕಿ ನೋಡಿದೆ. ಎರಡೇ ವಾರಕ್ಕೆ ಎಲೆ ಅಂಚು ಸುಟ್ಟಂತಾಯಿತು. ಹೋದ ಮೂರು ಮರದಲ್ಲಿ ಅದೂ ಒಂದು, ಇವತ್ತಿಗೂ ಆ ಜಾಗ ನೋಡಿದರೆ ಸಂಕಟವಾಗುತ್ತದೆ.

ಸಸಿಗಳಿಗೆ ಮಡಿಕೆ ಹೂತೂ ನೋಡಿದೆವು. ಕ್ಯಾನ್‌ಗಿಂತ ಚೆನ್ನಾಗಿಯೇ ಕೆಲಸ ಮಾಡಿತು, ಆದರೆ ದನ ತುಳಿದು ಆರರಲ್ಲಿ ನಾಲ್ಕು ಒಡೆದವು. ಸಕಲೇಶಪುರದ ಕಡೆಯಿಂದ ತಂದ ಕಾಫಿ ಸಿಪ್ಪೆಯನ್ನು ಮಣ್ಣಿನ ಮೇಲೆ ಹರಡಿದ ಕಡೆ ತೇವ ಎರಡು ದಿನ ಹೆಚ್ಚಿಗೆ ನಿಂತಿತು. ಕಾಂಡಕ್ಕೆ ತಾಗಿಸಬೇಡಿ, ಗೆದ್ದಲು ಹತ್ತುತ್ತದೆ.

ಭರಣಿ ಮಳೆ ಬರುವ ಮೊದಲೇ ಹೊಂಗೆ ಹಸಿರಾಗಿತ್ತು. "ಬಿಡಿ ಮೇಡಂ" ಅಂದವರೇ ಬಂದು ನೆರಳಿಗೆ ಸ್ಕೂಟರ್ ನಿಲ್ಲಿಸಿದರು. ಮುಂದಿನ ಬೇಸಿಗೆಗೆ ಇನ್ನೂ 20 ಕ್ಯಾನ್ ಬೇಕು. ಸೋರುವ ಕ್ಯಾನ್ ಮನೆಯಲ್ಲಿದ್ದರೆ ಗುಜರಿಗೆ ಹಾಕಬೇಡಿ, ನಮಗೆ ಕೊಡಿ.