ನನ್ನ ಅನುಭವ: ಕಂಬದ ರೇಡಿಯೊ ಮೌನವಾದ ಕ್ಷಣಗಳನ್ನು ಎಣಿಸಿದ್ದು

ದೀಪ ಯಾವಾಗ ಬದಲಾಗುತ್ತದೆಂದು ಚಾಲಕನಿಗೆ ಮೊದಲೇ ತಿಳಿಸಲು ಸಿಗ್ನಲ್ ಕಂಬದ ಮೇಲಿನ ರೇಡಿಯೊ ಮತ್ತು ಓಡುವ ವಾಹನದೊಳಗಿನ ರೇಡಿಯೊ ನಡುವೆ ನಡೆಯುವ ಸಂವಹನವನ್ನು ಹುಬ್ಬಳ್ಳಿ–ಧಾರವಾಡ ರಸ್ತೆಯಲ್ಲಿ ಪರೀಕ್ಷಿಸುವ ಕೆಲಸವನ್ನು ನಮ್ಮ ಚಿಕ್ಕ ತಂಡ ಕೈಗೆತ್ತಿಕೊಂಡಾಗ, ನಮ್ಮನ್ನು ಮಾತನಾಡಿಸಿದ ಬಹುತೇಕ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಅದು ಎಷ್ಟು ದೂರ ಮುಟ್ಟುತ್ತದೆ? ಅದಕ್ಕೆ ನಿಜವಾದ ಉತ್ತರ ಸಿಕ್ಕಿದ್ದು ನಮ್ಮ ಪರೀಕ್ಷಾ ವಾಹನದ ಚಾಲಕರಿಂದ. "ಸರ, ಅರ್ಧಾ ಕಿಲೋಮೀಟರ್ ದೂರದಾಗ ತಿಳಿದ್ರ ಏನ್ ಉಪಯೋಗ್ರೀ? ಬ್ರೇಕ್ ಮ್ಯಾಲೆ ಕಾಲ್ ಇಡೂ ಮುಂದ ತಿಳೀಬೇಕ್ ನೋಡ್ರಿ" ಎಂದು ಅವರು ಹೇಳಿದ ಮೇಲೆ ನಾವು ಲೆಕ್ಕವನ್ನು ನಿಲುಗಡೆ ಗೆರೆಯಿಂದ ಹಿಂದಕ್ಕೆ ಹಾಕತೊಡಗಿದೆವು.

ಗಂಟೆಗೆ 50 ಕಿಲೋಮೀಟರ್ ವೇಗದ ವಾಹನ ಸೆಕೆಂಡಿಗೆ ಸುಮಾರು 14 ಮೀಟರ್ ಕ್ರಮಿಸುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ರಸ್ತೆ ವಿನ್ಯಾಸಕ್ಕೆ ಬಳಸುವ 2.5 ಸೆಕೆಂಡ್ ಪ್ರತಿಕ್ರಿಯಾ ಅವಧಿಯನ್ನೇ ಹಿಡಿದರೆ, ಚಾಲಕ ಬ್ರೇಕ್ ಒತ್ತುವ ಹೊತ್ತಿಗೆ 35 ಮೀಟರ್ ಕಳೆದಿರುತ್ತದೆ. ನಿಂತ ಪ್ರಯಾಣಿಕರು ಮುಗ್ಗರಿಸದಂತೆ ಬಸ್ಸನ್ನು ಮೃದುವಾಗಿ, ಪ್ರತಿ ಸೆಕೆಂಡಿಗೂ ವೇಗ ಸೆಕೆಂಡಿಗೆ 1.5 ಮೀಟರಿನಷ್ಟು ಇಳಿಯುವಂತೆ ನಿಧಾನಿಸಿದರೆ ಇನ್ನೂ 64 ಮೀಟರ್ ಬೇಕು. ಆದ್ದರಿಂದ ಗೆರೆಗೆ 100 ಮೀಟರ್ ಇರುವಾಗಲೇ ಸಂದೇಶ ನಂಬಿಕೆಗೆ ಅರ್ಹವಾಗಿರಬೇಕು. ಸ್ವಲ್ಪ ಅವಕಾಶವಿಟ್ಟು 100ರಿಂದ 150 ಮೀಟರಿನ ತುಂಡನ್ನು ನಾವು 'ನಿರ್ಧಾರದ ಪಟ್ಟಿ' ಎಂದು ಗುರುತಿಸಿಕೊಂಡೆವು. ಆ ಪಟ್ಟಿಯಲ್ಲಿ ರೇಡಿಯೊ ಎಷ್ಟು ಹೊತ್ತು ಮೌನವಾಗಿರುತ್ತದೆ ಎಂಬುದೊಂದನ್ನೇ ಮುಖ್ಯ ಅಳತೆಯಾಗಿ ಇಟ್ಟುಕೊಂಡೆವು.

ಕಂಬದಿಂದ ಹೊರಡುವುದು ಎರಡು ಬಗೆಯ ಸಂದೇಶ. ಕೂಡುರಸ್ತೆಯ ಲೇನ್‌ಗಳ ನಕ್ಷೆಯನ್ನು ಹೇಳುವ 'ಮ್ಯಾಪ್' ಒಂದು; ಯಾವ ಲೇನಿಗೆ ಯಾವ ದೀಪ, ಅದು ಯಾವಾಗ ಬದಲಾಗುತ್ತದೆ ಎಂದು ಸೆಕೆಂಡಿಗೆ ಹತ್ತು ಬಾರಿ ಹೇಳುವ 'ಸ್ಪ್ಯಾಟ್' ಇನ್ನೊಂದು. ಇವು 5.9 ಗಿಗಾಹರ್ಟ್ಸ್ ಆಸುಪಾಸಿನಲ್ಲಿ, ಮೊಬೈಲ್ ಜಾಲದ ಟವರಿನ ನೆರವಿಲ್ಲದೆ, ಕಂಬದಿಂದ ನೇರವಾಗಿ ವಾಹನಕ್ಕೆ ಹೋಗುತ್ತವೆ. ಇದು ಫಾಸ್ಟ್‌ಟ್ಯಾಗ್ ತಾನೇ ಎಂದು ಕೇಳುವವರು ಹಲವರು. ಅಲ್ಲ; ಫಾಸ್ಟ್‌ಟ್ಯಾಗ್ 865–867 ಮೆಗಾಹರ್ಟ್ಸ್‌ನಲ್ಲಿ ಕೆಲವೇ ಮೀಟರ್ ದೂರದಿಂದ ಓದುವ ಚೀಟಿ, ಅದಕ್ಕೆ ಸ್ವಂತ ಬ್ಯಾಟರಿಯೂ ಇಲ್ಲ. ನಮ್ಮ ಉಪಕರಣಗಳಿಗೆ ದೂರಸಂಪರ್ಕ ಇಲಾಖೆಯಲ್ಲಿ ರೇಡಿಯೊ ಪರವಾನಗಿಗಳನ್ನು ನೋಡಿಕೊಳ್ಳುವ ಡಬ್ಲ್ಯುಪಿಸಿ ವಿಭಾಗದಿಂದ ಪ್ರಯೋಗಾರ್ಥ ಪರವಾನಗಿಯನ್ನು ಸರಳ ಸಂಚಾರ್ ಪೋರ್ಟಲ್ ಮೂಲಕ ಪಡೆದುಕೊಂಡೆವು. ನಿಜವಾದ ಸಿಗ್ನಲ್ ಪೆಟ್ಟಿಗೆಯನ್ನು ಮುಟ್ಟುವುದು ಬೇಡವೆಂದು ತೀರ್ಮಾನಿಸಿ, ಅದರಂತೆಯೇ ನಡೆಯುವ ನಕಲಿ ಕಂಟ್ರೋಲರ್ ಒಂದನ್ನು ಎತ್ತರ ಬದಲಿಸಬಹುದಾದ ಕಂಬಕ್ಕೆ ಜೋಡಿಸಿದೆವು.

ರಸ್ತೆಗೆ ಇಳಿಯುವ ಮೊದಲು ಮೇಜಿನ ಮೇಲಿನ ಪರೀಕ್ಷೆಗೆ ಸಾಕಷ್ಟು ಸಮಯ ಕೊಡಬೇಕೆಂಬುದು ನನ್ನ ಅಭಿಪ್ರಾಯ. ಎರಡೂ ರೇಡಿಯೊಗಳನ್ನು ಆಂಟೆನಾ ಇಲ್ಲದೆ ಕೇಬಲ್ಲಿನಿಂದಲೇ ಕೂಡಿಸಿ, ನಡುವೆ ಅಟೆನ್ಯುಯೇಟರ್ ಇಟ್ಟು, ಸಂಕೇತವನ್ನು ಹಂತಹಂತವಾಗಿ ಕುಗ್ಗಿಸುತ್ತ ಹೋದರೆ ಯಾವ ಮಟ್ಟದಲ್ಲಿ ಪ್ಯಾಕೆಟ್‌ಗಳು ಬೀಳತೊಡಗುತ್ತವೆ ಎಂಬುದು ಖಚಿತವಾಗಿ ತಿಳಿಯುತ್ತದೆ. ಆ ಮಟ್ಟ ಕೈಯಲ್ಲಿದ್ದರೆ ರಸ್ತೆಯಲ್ಲಿ ಸಂದೇಶ ಕಳೆದುಹೋದಾಗ ಸಂಕೇತ ದುರ್ಬಲವಾಗಿತ್ತೋ ಬೇರೆ ಕಾರಣವಿತ್ತೋ ಎಂದು ಬೇರ್ಪಡಿಸಬಹುದು. ನಾವು ಬಳಸಿದ, ಸಿ-ವಿ2ಎಕ್ಸ್ ಎಂಬ ವಾಹನ ಸಂವಹನ ತಂತ್ರಜ್ಞಾನದ ರೇಡಿಯೊಗಳು ಉಪಗ್ರಹದ ಸಮಯ ಸಿಗದಿದ್ದರೆ ಪ್ರಸಾರವನ್ನೇ ಆರಂಭಿಸುತ್ತಿರಲಿಲ್ಲವಾದ್ದರಿಂದ, ಜಿಪಿಎಸ್ ಆಂಟೆನಾವನ್ನು ಪ್ರಯೋಗಾಲಯದ ಕಿಟಕಿಯಿಂದ ತಾರಸಿಗೆ ಎಳೆಯಬೇಕಾಯಿತು. ತೆಳು ಕೇಬಲ್ ಈ ಆವರ್ತನದಲ್ಲಿ ಸಂಕೇತದ ಬಲವನ್ನು ಮೀಟರಿಗೆ ಒಂದು ಡೆಸಿಬೆಲ್‌ಗೂ ಹೆಚ್ಚು ನುಂಗುತ್ತದೆ; ಹೀಗಾಗಿ ರೇಡಿಯೊವನ್ನೇ ಆಂಟೆನಾದ ಪಕ್ಕಕ್ಕೆ ಕಂಬದ ತುದಿಗೆ ಏರಿಸಿ, ಕೆಳಗಿನಿಂದ ಈಥರ್ನೆಟ್ ತಂತಿಯಲ್ಲಿ ವಿದ್ಯುತ್ತು ಮತ್ತು ದತ್ತಾಂಶ ಎರಡನ್ನೂ ಕೊಟ್ಟೆವು.

ಮೇಜಿನ ಮೇಲೆಯೇ ಸಿಕ್ಕ ಇನ್ನೊಂದು ಸಂಗತಿಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುವುದು ಉಚಿತ. ದೀಪ ಬದಲಾಗುವ ಕ್ಷಣವನ್ನು ಸ್ಪ್ಯಾಟ್ ಸಂದೇಶವು 'ಇನ್ನು ಇಷ್ಟು ಸೆಕೆಂಡ್' ಎಂಬ ರೂಪದಲ್ಲಿ ಕಳಿಸುವುದಿಲ್ಲ. ಯುಟಿಸಿ ಎಂಬ ಜಾಗತಿಕ ಕಾಲಮಾನದ ಗಂಟೆ ಆರಂಭವಾದಾಗಿನಿಂದ ಸೆಕೆಂಡಿನ ಹತ್ತನೇ ಭಾಗಗಳನ್ನು ಎಣಿಸಿ ಕಳಿಸುತ್ತದೆ. ಯುಟಿಸಿಗೂ ಸ್ಥಳೀಯ ಸಮಯಕ್ಕೂ ಪೂರ್ಣ ಗಂಟೆಗಳ ಅಂತರವಿರುವ ದೇಶದಲ್ಲಿ ಕಂಟ್ರೋಲರ್ ಸ್ಥಳೀಯ ಗಡಿಯಾರವನ್ನೇ ಬಳಸಿದರೂ ಗಂಟೆಯೊಳಗಿನ ನಿಮಿಷ, ಸೆಕೆಂಡುಗಳು ಹೊಂದುವುದರಿಂದ ದೋಷ ಬಯಲಾಗುವುದೇ ಇಲ್ಲ. ನಮ್ಮದು ಐದೂವರೆ ಗಂಟೆಯ ಅಂತರ. ಹೊರಗಿನಿಂದ ತರಿಸಿದ ತಂತ್ರಾಂಶವನ್ನು ಭಾರತೀಯ ಕಾಲಮಾನದಲ್ಲಿ ಓಡಿಸಿದಾಗ ಹಸಿರು ದೀಪಕ್ಕೆ ಸರಿಯಾಗಿ ಅರ್ಧ ಗಂಟೆ, ಎಂದರೆ 18,000 ಎಣಿಕೆಯಷ್ಟು ವ್ಯತ್ಯಾಸ ಬಂದಿತು. ಪ್ಯಾಕೆಟ್‌ಗಳೆಲ್ಲ ತಲುಪಿದ್ದವು, ಸಂದೇಶ ಅಸಲಿಯೆಂದು ಖಾತ್ರಿಪಡಿಸುವ ಡಿಜಿಟಲ್ ಸಹಿಗಳೆಲ್ಲ ಸರಿಯಾಗಿದ್ದವು, ಆದರೂ ಮಾಹಿತಿ ನಿರುಪಯುಕ್ತವಾಗಿತ್ತು. ಸಂದೇಶ ಮುಟ್ಟಿತೇ ಎಂದಷ್ಟೇ ನೋಡುವ ಪರೀಕ್ಷೆ ಇದನ್ನು ಹಿಡಿಯಲಾರದು. ದೀಪದತ್ತ ಕ್ಯಾಮೆರಾ ಇಟ್ಟು, ಅದರ ಚಿತ್ರಗಳಿಗೂ ಜಿಪಿಎಸ್ ಸಮಯದ ಮುದ್ರೆ ಹಾಕಿ, ಸಂದೇಶದೊಂದಿಗೆ ತಾಳೆ ನೋಡಲೇಬೇಕು. ವಿಳಂಬವನ್ನು ಅಳೆಯುವಾಗಲೂ ಎರಡೂ ಕಡೆಯ ಕಂಪ್ಯೂಟರ್‌ಗಳಿಗೆ ಜಿಪಿಎಸ್‌ನ ಸೆಕೆಂಡ್ ಮಿಡಿತವನ್ನೇ ಕೊಟ್ಟೆವು. ಮೊಬೈಲ್ ಇಂಟರ್ನೆಟ್ ಮೂಲಕ ಹೊಂದಿಸಿದ ಗಡಿಯಾರಗಳ ಅಂತರವೇ ನಾವು ಅಳೆಯಬೇಕಾದ ವಿಳಂಬದಷ್ಟಿರಬಹುದು.

ರಸ್ತೆಯಲ್ಲಿ ನಮ್ಮನ್ನು ಕಾಡಿದ್ದು ಎರಡು: ನೆಲ ಮತ್ತು ಬಸ್ಸು. ಆಂಟೆನಾದಿಂದ ನೇರವಾಗಿ ಬರುವ ಅಲೆಯೂ ಡಾಂಬರಿನ ಮೇಲೆ ಪುಟಿದು ಬರುವ ಅಲೆಯೂ ಕೆಲವು ದೂರಗಳಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. ಅಲೆಯ ಉದ್ದ ಸುಮಾರು 5 ಸೆಂಟಿಮೀಟರ್ ಇರುವುದರಿಂದ, 6 ಮೀಟರ್ ಎತ್ತರದ ಕಂಬಕ್ಕೂ 1.5 ಮೀಟರ್ ಎತ್ತರದ ಕಾರಿನ ಚಾವಣಿಗೂ ಸಂಕೇತ ಕುಸಿಯುವ ಇಂಥ 'ಕುಳಿಗಳು' ಲೆಕ್ಕದಲ್ಲಿ ಸುಮಾರು 354, 177, 118 ಮೀಟರ್‌ಗಳಲ್ಲಿ ಬರುತ್ತವೆ. ಮೊದಲನೆಯದು ಅಗಲವಾದದ್ದು, ಆದರೆ ನಮ್ಮ ಪಟ್ಟಿಯಿಂದ ಆಚೆಗಿದೆ. 118ರದ್ದು ಪಟ್ಟಿಯೊಳಗೇ ಬಿದ್ದರೂ ಕಿರಿದಾದ್ದರಿಂದ ವಾಹನ ಅದನ್ನು ಬೇಗ ದಾಟಿಬಿಡುತ್ತದೆ. ಕಂಬ ಎತ್ತರವಾದಷ್ಟೂ ಒಳ್ಳೆಯದೆಂಬ ನಂಬಿಕೆ ಇಲ್ಲಿ ಪೂರ್ತಿ ನಿಲ್ಲುವುದಿಲ್ಲ, ಏಕೆಂದರೆ ಎತ್ತರ ಹೆಚ್ಚಿಸಿದಂತೆ ಅಗಲವಾದ ಕುಳಿ ದೂರ ಸರಿದರೂ ಹತ್ತಿರದಲ್ಲಿ ಹೊಸ ಕುಳಿಗಳು ಸೇರಿಕೊಳ್ಳುತ್ತವೆ. ನಮ್ಮ ರಸ್ತೆ ಸಮತಟ್ಟಲ್ಲವಾದ್ದರಿಂದ ಅಳತೆಯಲ್ಲಿ ಅವು ಲೆಕ್ಕದ ಜಾಗದಿಂದ ಆಚೀಚೆ ಸರಿದೇ ಕಂಡವು. ನವಲೂರಿನ ಸೇತುವೆಯ ಏರಿನಲ್ಲಂತೂ ನೇರ ನೋಟವೇ ತಪ್ಪುವುದರಿಂದ ಈ ಲೆಕ್ಕಕ್ಕೆ ಅರ್ಥವಿಲ್ಲ.

ಬಸ್ಸಿನ ವಿಷಯ ಇದಕ್ಕಿಂತ ದೊಡ್ಡದು. ಅವಳಿ ನಗರದ ನಡುವಿನ, ಬಸ್ಸುಗಳಿಗೇ ಮೀಸಲಾದ ಸುಮಾರು 22 ಕಿಲೋಮೀಟರ್ ಬಿಆರ್‌ಟಿಎಸ್ ಪಥದಲ್ಲಿ ಚಿಗರಿ ಬಸ್ಸುಗಳು ರಸ್ತೆಯ ನಡುವೆ ಓಡುತ್ತವೆ, ಉಳಿದ ವಾಹನಗಳು ಇಬ್ಬದಿಗೆ. ಕಂಬವನ್ನು ನಡುವೆ ನಿಲ್ಲಿಸಿದರೆ ಬಸ್ಸಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ; ಆದರೆ ನಿಲ್ದಾಣದಲ್ಲಿ ಚಿಗರಿಯೊಂದು ಬಾಗಿಲು ತೆರೆದು ನಿಂತಾಗ ಪಕ್ಕದ ಲೇನಿನ ಕಾರಿಗೆ ಸಂಕೇತ ಹತ್ತು ಡೆಸಿಬೆಲ್‌ಗೂ ಹೆಚ್ಚು ಕುಸಿಯಿತು. ಎಡ ಅಂಚಿನಲ್ಲಿ ನಿಲ್ಲಿಸಿದರೆ ಕಾರಿನ ಕಷ್ಟ ಪರಿಹಾರವಾಗುತ್ತದೆ, ಆದರೆ ಮರದ ಕೊಂಬೆ, ಫಲಕ, ನಿಲ್ಲಿಸಿದ ಲಾರಿ ಅಡ್ಡ ಬರುತ್ತವೆ. ಕೊನೆಗೆ ನಮಗೆ ಒಪ್ಪಿಗೆಯಾದದ್ದು ಕೂಡುರಸ್ತೆಯ ಆಚೆ ಬದಿಯಲ್ಲಿ, ರಸ್ತೆಯ ಮೇಲೆ ತೋಳು ಚಾಚಿದ ಕಂಬ. ಬೆಳಗಿನ ಜಾವದ ಖಾಲಿ ರಸ್ತೆಯ ಅಳತೆಯಿಂದ ಈ ಆಯ್ಕೆಯನ್ನು ಯಾರೂ ಮಾಡಲಾಗುತ್ತಿರಲಿಲ್ಲ. ಉಣಕಲ್ ಆಸುಪಾಸಿನಲ್ಲಿ ಕಚೇರಿ ಬಿಡುವ ಹೊತ್ತಿಗೆ ಮತ್ತೆ ಅಳೆದದ್ದರಿಂದಲೇ ಅದು ಸಾಧ್ಯವಾಯಿತು.

ಈಗ ಮೌನದ ಲೆಕ್ಕ. ನೂರಕ್ಕೆ 95 ಸಂದೇಶ ತಲುಪಿದವೆಂಬ ಅಂಕಿ ನೋಡಲು ಚೆನ್ನಾಗಿದೆ. ಕಳೆದುಹೋದ ಐದು ಅಲ್ಲಲ್ಲಿ ಚದುರಿದ್ದರೆ ಯಾರಿಗೂ ಅರಿವಾಗುವುದಿಲ್ಲ. ಐದೂ ಒಟ್ಟಿಗೆ ಹೋದರೆ ಸುಮಾರು ಅರ್ಧ ಸೆಕೆಂಡಿನ, ಎಂದರೆ ಏಳು ಮೀಟರಿನ ಕುರುಡು. ಸಿ-ವಿ2ಎಕ್ಸ್‌ನಲ್ಲಿ ಹೀಗೆ ಒಟ್ಟಿಗೆ ಹೋಗಲು ಕಾರಣವೂ ಇದೆ. ರೇಡಿಯೊ ತಾನಾಗಿ ಸಮಯದ ಜಾಗವನ್ನು ಆರಿಸಿಕೊಳ್ಳುವ ವಿಧಾನದಲ್ಲಿ, ಪ್ರತಿ 100 ಮಿಲಿಸೆಕೆಂಡಿಗೆ ಮಾತನಾಡುವುದಾದರೆ, ಆರಿಸಿದ ಜಾಗವನ್ನು ಯಾದೃಚ್ಛಿಕವಾಗಿ 5ರಿಂದ 15 ಸರದಿಗಳವರೆಗೆ ಬಿಡುವುದಿಲ್ಲ. ಆಮೇಲೂ ಅದನ್ನೇ ಮುಂದುವರಿಸಬಹುದು. ಎರಡು ರೇಡಿಯೊಗಳು ಒಂದೇ ಜಾಗವನ್ನು ಹಿಡಿದುಬಿಟ್ಟರೆ ಅಷ್ಟು ಸರದಿಗಳಲ್ಲೂ ಒಂದರ ಮಾತನ್ನು ಇನ್ನೊಂದು ಕೆಡಿಸುತ್ತದೆ. ಹುಬ್ಬಳ್ಳಿಯ ರಸ್ತೆಯಲ್ಲಿ ಈ ಬ್ಯಾಂಡಿನಲ್ಲಿ ಮಾತನಾಡುವ ಬೇರೆ ವಾಹನಗಳು ನಮಗೆ ಸಿಗಲಿಲ್ಲವಾದ್ದರಿಂದ, ಹೆಚ್ಚುವರಿ ರೇಡಿಯೊಗಳಿಂದ ಕೃತಕ ಗದ್ದಲವನ್ನು ಎಬ್ಬಿಸಿ ಇದನ್ನು ನೋಡಬೇಕಾಯಿತು. ಗದ್ದಲವಿಲ್ಲದೆ ಪಡೆದ ಫಲಿತಾಂಶವನ್ನು ನಾನು ಯಾರಿಗೂ ತೋರಿಸಲು ಒಪ್ಪುವುದಿಲ್ಲ.

ಧಾರವಾಡದ ಜಿಟಿಜಿಟಿ ಮಳೆಯ ಬಗ್ಗೆ ಎಲ್ಲರಿಗೂ ಅಂಜಿಕೆಯಿತ್ತು. ಈ ಆವರ್ತನದಲ್ಲಿ ಜೋರು ಮಳೆ ಕೂಡ ಕಿಲೋಮೀಟರಿಗೆ ಒಂದು ಡೆಸಿಬೆಲ್‌ಗಿಂತ ಕಡಿಮೆ ತಿನ್ನುತ್ತದೆ. ನೀರು ಹೊಕ್ಕ ಕನೆಕ್ಟರ್ ಅದಕ್ಕಿಂತ ಎಷ್ಟೋ ಹೆಚ್ಚು ತಿನ್ನುತ್ತದೆ. ಪಕ್ಕದ 5.725–5.875 ಗಿಗಾಹರ್ಟ್ಸ್ ಬ್ಯಾಂಡ್ 2018ರಿಂದ ಪರವಾನಗಿಮುಕ್ತವಾಗಿರುವುದರಿಂದ, ಕಟ್ಟಡಗಳ ಮೇಲಿನ ವೈಫೈ ಮತ್ತು ಇಂಟರ್ನೆಟ್ ಡಿಶ್‌ಗಳ ಸೋರಿಕೆಯನ್ನು ಸ್ಪೆಕ್ಟ್ರಮ್ ಅನಲೈಸರ್ ಹಿಡಿದು ಮೊದಲೇ ನೋಡಿಕೊಳ್ಳುವುದು ಲೇಸು.

ವರದಿಯಲ್ಲಿ ನಾವು ಗರಿಷ್ಠ ದೂರವನ್ನು ಕೊಡಲಿಲ್ಲ. ರಸ್ತೆಯನ್ನು ಹತ್ತು ಹತ್ತು ಮೀಟರಿನ ತುಂಡುಗಳಾಗಿಸಿ, ಪ್ರತಿ ತುಂಡಿನಲ್ಲಿ ಸಹಿ ಪರಿಶೀಲನೆಯಾದ ಎರಡು ಸಂದೇಶಗಳ ನಡುವಿನ ಅತಿ ದೀರ್ಘ ಮೌನವನ್ನು, ಬಸ್ಸು ಅಡ್ಡವಿದ್ದಾಗ ಮತ್ತು ಇಲ್ಲದಿದ್ದಾಗ ಎಂದು ಎರಡು ಸಾಲುಗಳಲ್ಲಿ ಬರೆದೆವು. ಕಂಬದ ಎತ್ತರ, ಆಂಟೆನಾ ಇಟ್ಟ ಜಾಗ ಮತ್ತು ಗದ್ದಲದ ಪ್ರಮಾಣವನ್ನು ಪ್ರತಿ ಕೋಷ್ಟಕದ ತಲೆಯಲ್ಲೇ ನಮೂದಿಸಿ, ಕಚ್ಚಾ ದಾಖಲೆಗಳನ್ನೂ ಜೊತೆಗೆ ಒಪ್ಪಿಸಿದೆವು.