ಮುಷ್ಟಿ ಹಿಡಿ ನೋಡುವ ಅಂದೆ

ನಾನು ಉಡುಪಿಯಲ್ಲಿ ಫಿಸಿಷಿಯನ್. ಮಲ್ಪೆ ಕಡೆಯ 12 ವರ್ಷದ ಹುಡುಗಿಯನ್ನು ಅಮ್ಮ ಕರೆತಂದಿದ್ದರು. ಎರಡು ವರ್ಷದಿಂದ ಫಿಟ್ಸಿನ ಮಾತ್ರೆ ನುಂಗುತ್ತಿದ್ದಳು, ಫಿಟ್ಸ್ ನಿಂತಿರಲಿಲ್ಲ. ಬೆರಳು ಜುಮುಜುಮು ಅನ್ನುತ್ತದೆ, ಬರೆಯುವಾಗ ಕೈ ಸೆಟೆದುಕೊಳ್ಳುತ್ತದೆ ಎಂದಳು ಹುಡುಗಿ. ಇದನ್ನು ಅವಳನ್ನು ಯಾರೂ ಕೇಳಿರಲಿಲ್ಲ.

ತೋಳಿಗೆ ಬಿಪಿ ಪಟ್ಟಿ ಕಟ್ಟಿ, ಮೇಲಿನ ಬಿಪಿಗಿಂತ ಸ್ವಲ್ಪ ಜಾಸ್ತಿ ಗಾಳಿ ತುಂಬಿ, ಮೂರು ನಿಮಿಷ ಬಿಡುವುದೆಂದುಕೊಂಡೆ. ಎರಡೇ ನಿಮಿಷಕ್ಕೆ ಮಣಿಕಟ್ಟು ಬಾಗಿತು, ಬೆರಳುಗಳು ಕೂಡಿಕೊಂಡವು. ಕ್ಯಾಲ್ಸಿಯಂ ಕಡಿಮೆಯಾದರೆ ಹೀಗಾಗುತ್ತದೆ, ಫಿಟ್ಸೂ ಬರಬಹುದು. ರಕ್ತದಲ್ಲಿ ಇದ್ದದ್ದು 6.1, ಸುಮಾರು 8.5ಕ್ಕಿಂತ ಮೇಲಿರಬೇಕು. ಅವತ್ತೇ ಅಡ್ಮಿಟ್ ಮಾಡಿ, ಇಸಿಜಿ ನೋಡುತ್ತಾ ನಿಧಾನವಾಗಿ ಡ್ರಿಪ್ಪಿನಲ್ಲಿ ಕ್ಯಾಲ್ಸಿಯಂ ಕೊಟ್ಟೆವು.

"ದಿನಾ ಮೀನು ತಿಂತಾಳೆ ಡಾಕ್ಟ್ರೇ, ಮತ್ತೆ ಹೇಗೆ ಕಡಿಮೆ ಆಯ್ತು?" ಅಂದರು ಅಮ್ಮ. ಸರಿಯಾದ ಪ್ರಶ್ನೆ. ಫಾಸ್ಫರಸ್ ಜಾಸ್ತಿ ಇತ್ತು. ಕಿಡ್ನಿ, ಮೆಗ್ನೀಸಿಯಂ, ವಿಟಮಿನ್ ಡಿ ಎಲ್ಲ ಸರಿ. ಹಾಗಾದರೆ ರಕ್ತದ ಕ್ಯಾಲ್ಸಿಯಂ ಏರಿಸಿ ಫಾಸ್ಫರಸ್ ಇಳಿಸುವ ಪ್ಯಾರಾಥೈರಾಯ್ಡ್ ಹಾರ್ಮೋನ್ ಕಡಿಮೆ ಇರಬೇಕು ಅಂದುಕೊಂಡೆ. ಬಂದದ್ದು 380, ಸಾಮಾನ್ಯಕ್ಕಿಂತ ಎಷ್ಟೋ ಪಟ್ಟು ಹೆಚ್ಚು! ಹಾರ್ಮೋನ್ ಬೇಕಾದಷ್ಟಿದೆ, ಕಿಡ್ನಿ ಅದರ ಮಾತು ಕೇಳುತ್ತಿಲ್ಲ. 1942ರಲ್ಲಿ ಅಮೆರಿಕದ ಫುಲ್ಲರ್ ಆಲ್‌ಬ್ರೈಟ್ ಮತ್ತವರ ಜೊತೆಗಾರರು ವಿವರಿಸಿದ ಕಾಯಿಲೆ, ಸ್ಯೂಡೋಹೈಪೋಪ್ಯಾರಾಥೈರಾಯ್ಡಿಸಂ.

"ಮುಷ್ಟಿ ಹಿಡಿ ಮಗಾ, ನೋಡುವ" ಅಂದೆ. ಉಂಗುರ ಬೆರಳಿನ ಗೆಣ್ಣು ಇರಬೇಕಾದ ಜಾಗದಲ್ಲಿ ಗುಳಿ. ಅಲ್ಲಿಯ ಮೂಳೆ ಗಿಡ್ಡವಾಗಿರುವುದು ಈ ಕಾಯಿಲೆಯ ಒಂದು ಗುರುತು. ಆಮೇಲೆ ಅಮ್ಮನ ಮುಷ್ಟಿ ನೋಡಿದೆ. ಅದೇ ಗುಳಿ. ಆದರೆ ಅವರ ಕ್ಯಾಲ್ಸಿಯಂ ಸರಿಯಾಗಿಯೇ ಇತ್ತು.

ನನಗೆ ಇವತ್ತಿಗೂ ಬೆರಗು ಹುಟ್ಟಿಸುವುದು ಇದೇ. ಜಿಎನ್‌ಎಎಸ್ ಅನ್ನುವ, ಈ ಕಾಯಿಲೆಗೆ ಕಾರಣವಾದ ಜೀನ್‌ನಲ್ಲಿ ಅಪ್ಪನಿಂದ ಬಂದ ನಕಲು, ಹಾರ್ಮೋನಿನ ಮಾತು ಕೇಳಬೇಕಾದ ಕಿಡ್ನಿಯ ಭಾಗದಲ್ಲಿ, ಹೆಚ್ಚುಕಡಿಮೆ ಮಲಗಿಯೇ ಇರುತ್ತದೆ, ಕೆಲಸವೆಲ್ಲ ಅಮ್ಮನಿಂದ ಬಂದದ್ದರದ್ದು. ಹಾಗಾಗಿ ದೋಷ ಅಪ್ಪನಿಂದ ಬಂದರೆ ಮೂಳೆಯಲ್ಲಿ ಗುರುತು ಉಳಿಯುತ್ತದೆ, ಕ್ಯಾಲ್ಸಿಯಂ ಕೆಡುವುದಿಲ್ಲ. ಅಮ್ಮನಿಂದ ಬಂದರೆ ಎರಡೂ. "ನಿಮ್ಮ ಅಪ್ಪನ ಕೈ ಹೇಗಿತ್ತು?" ಎಂದು ಅಮ್ಮನನ್ನು ಕೇಳಿದೆ. ಅವರು ತಮ್ಮ ಮುಷ್ಟಿಯನ್ನೇ ನೋಡುತ್ತಾ, "ಹೀಗೇ ಇತ್ತು" ಅಂದರು.

ಜೀನ್ ಪರೀಕ್ಷೆಯಲ್ಲೂ ಅದೇ ಬಂತು. ಹುಡುಗಿಯ ಥೈರಾಯ್ಡ್ ಕೂಡ ಸ್ವಲ್ಪ ಕೆಟ್ಟಿತ್ತು, ಈ ಕಾಯಿಲೆಯಲ್ಲಿ ಅದನ್ನು ನೋಡಲೇಬೇಕು. ಕ್ಯಾಲ್ಸಿಟ್ರಿಯಾಲ್ (ವಿಟಮಿನ್ ಡಿಯ ಸಕ್ರಿಯ ರೂಪ), ಕ್ಯಾಲ್ಸಿಯಂ ಶುರುವಾದ ಮೇಲೆ ಫಿಟ್ಸ್ ಬಂದಿಲ್ಲ. ನರರೋಗ ತಜ್ಞರು ಹಳೇ ಮಾತ್ರೆಯನ್ನು ಮೆಲ್ಲಗೆ ಇಳಿಸುತ್ತಿದ್ದಾರೆ.

ಅವಳಿಗೆ ನಾಲ್ಕು ವರ್ಷದ ತಮ್ಮನಿದ್ದಾನೆ. ಅವನ ಗೆಣ್ಣುಗಳು ಚೆನ್ನಾಗಿಯೇ ಇವೆ, ಆದರೆ ಅಷ್ಟು ಸಣ್ಣವರಲ್ಲಿ ಗುಳಿ ಕಾಣದೆಯೂ ಇರಬಹುದು. ಮುಂದಿನ ವಾರ ಅವನ ರಕ್ತ ಕಳಿಸುತ್ತೇವೆ.