ಅಚ್ಚಾದ ಕಿಡ್ನಿ ಪೇಪರಿಗೆ ನನ್ನ ಹೆಸರು ಸೇರಿಸಿದ ಬಗೆ

"ಅಚ್ಚಾದ ಮೇಲೆ ಮುಗೀತು, ಇನ್ನು ಹೆಸರು ಸೇರಲ್ಲ" ಅಂತ ನಮ್ಮ ವಿಭಾಗದಲ್ಲಿ ಎಲ್ಲರೂ ಹೇಳಿದ್ದರು. ಸೇರಿತು. ಜರ್ನಲ್ ತಿದ್ದುಪಡಿ ಪ್ರಕಟಿಸಿದೆ.

ಹಳ್ಳಿಗಳಲ್ಲಿ ಸಿಕೆಡಿ, ಅಂದರೆ ದೀರ್ಘಕಾಲದ ಕಿಡ್ನಿ ಕಾಯಿಲೆ, ಎಷ್ಟಿದೆ ಅಂತ ನೋಡಿದ ಅಧ್ಯಯನ ಅದು. ಒಂದು ಸಲ ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ವೇಗದ ಅಂದಾಜು) 60ಕ್ಕಿಂತ ಕಡಿಮೆ ಬಂದರೆ ಸಾಲದು, ಮೂರು ತಿಂಗಳು ದಾಟಿದ ಮೇಲೂ ಹಾಗೇ ಇರಬೇಕು, ಅಲ್ವಾ? ಆ ಎರಡನೇ ಸುತ್ತು ಪೂರ್ತಿ ನನ್ನದು, ಸುಮಾರು ಮುನ್ನೂರು ಮನೆ. ಜರ್ನಲ್ಲಿನ ರಿವ್ಯೂವರ್ ಕೇಳಿದ್ದಕ್ಕೆ ಇಜಿಎಫ್‌ಆರ್ ಲೆಕ್ಕದ 2009ರ ಸಿಕೆಡಿ-ಎಪಿ ಸೂತ್ರ ಬಿಟ್ಟು 2021ರದ್ದರಲ್ಲಿ ಮತ್ತೆ ಲೆಕ್ಕ ಹಾಕಿದ್ದೂ ನಾನೇ. ಒಂದಷ್ಟು ಜನ 60ರ ಮೇಲಕ್ಕೆ ಹೋದರು, ಇಡೀ ಟೇಬಲ್ ಬದಲಾಯಿತು. ಪೇಪರ್ ಬಂದಾಗ ನನ್ನ ಹೆಸರು ಕೊನೆಯ ಕೃತಜ್ಞತೆಯಲ್ಲಿತ್ತು, 'ಕ್ಷೇತ್ರ ಕೆಲಸಕ್ಕೆ ಸಹಾಯ' ಅಂತ.

ಮೊದಲು ಬಾಯಿಮಾತಲ್ಲಿ ಕೇಳಿದೆ. "ಮುಂದಿನ ಪೇಪರಲ್ಲಿ ಹಾಕೋಣ ಬಿಡಿ" ಅಂದರು ಹಿರಿಯರು. ಆಮೇಲೆ ವಕೀಲರ ನೋಟಿಸ್. ಅದಕ್ಕೆ ಐದಾರು ಸಾವಿರ ಹೋಯಿತು, ಸಹಲೇಖಕರು ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಎಡಿಟರ್‌ಗೆ ದೂರು ಬರೆದೆ. ಲೇಖಕರ ಜಗಳವನ್ನು ನಾವು ತೀರ್ಮಾನಿಸಲ್ಲ, ನಿಮ್ಮ ಸಂಸ್ಥೆಯಲ್ಲೇ ಬಗೆಹರಿಸಿಕೊಳ್ಳಿ ಅಂತ ಉತ್ತರ ಬಂತು. ಪ್ರಕಟಣೆಯ ನೀತಿ ನೋಡುವ ಸಂಸ್ಥೆ ಸಿಒಪಿಇ ಹೇಳುವುದೂ ಅದನ್ನೇ. ನಡುವೆ ಒಬ್ಬ ಏಜೆಂಟ್ ಹದಿನೈದು ಸಾವಿರ ಕೊಟ್ಟರೆ ಹೆಸರು ಹಾಕಿಸುತ್ತೇನೆ ಅಂದ. ಅಂಥವರನ್ನು ಹತ್ತಿರ ಸೇರಿಸಬೇಡಿ. ಕೆಲಸ ಮಾಡಿ ಗಳಿಸಿದ ಹೆಸರಿಗೂ ಕೊಂಡ ಹೆಸರು ಅನ್ನುವ ಕಳಂಕ ಬರುತ್ತದೆ.

ಸುಮ್ನೆ ನೋಡೋಣ ಅಂತ ಆರ್ಕಿಡ್‌ನಲ್ಲಿ (ಸಂಶೋಧಕರ ಗುರುತಿನ ಖಾತೆ) ಪೇಪರನ್ನು ನಾನೇ ಸೇರಿಸಿಕೊಂಡೆ, ಗೂಗಲ್ ಸ್ಕಾಲರ್‌ನಲ್ಲೂ. ಎರಡೂ ಕಡೆ ಸೇರಿತು, ಆದರೆ ಮೂಲ ಪೇಪರ್ ಬದಲಾಗದೆ ಅದಕ್ಕೆ ಬೆಲೆ ಇಲ್ಲ.

ಕೆಲಸ ಆಗಿದ್ದು ದೂರು ಬಿಟ್ಟು ತಿದ್ದುಪಡಿಯನ್ನೇ ಬರೆದುಕೊಟ್ಟಾಗ. ವೈದ್ಯಕೀಯ ಜರ್ನಲ್ ಸಂಪಾದಕರ ಸಮಿತಿ ಐಸಿಎಂಜೆಇ ಲೇಖಕರಿಗೆ ಹಾಕಿದ ನಾಲ್ಕು ಷರತ್ತು ಎಡಕ್ಕೆ, ತಾರೀಖಿನ ಸಮೇತ ನನ್ನ ದಾಖಲೆ ಬಲಕ್ಕೆ, ಒಂದೇ ಪುಟ. ಡ್ರಾಫ್ಟ್ ಮೇಲೆ ನಾನು ಮಾಡಿದ್ದ ತಿದ್ದುಗಳು ಕಾಣುವ ಟ್ರ್ಯಾಕ್ ಚೇಂಜಸ್ ಫೈಲು ಹಳೇ ಇಮೇಲಿನಲ್ಲಿ ಸಿಕ್ಕಿತು. ಅದು ಚಿನ್ನ. "ಅಂತಿಮ ಒಪ್ಪಿಗೆ ನಿಮ್ಮದಿಲ್ಲವಲ್ಲ, ಮೂರನೇ ಷರತ್ತು ಬೀಳುತ್ತದೆ" ಅಂದರು ಕಾಲೇಜಿನ ಸಂಶೋಧನಾ ಸಮಿತಿಯವರು. ಮೊದಲ ಷರತ್ತು, ಅಂದರೆ ಕೆಲಸದಲ್ಲಿ ಗಣನೀಯ ಪಾಲು, ಪೂರೈಸಿದವರಿಗೆ ತಿದ್ದುವ, ಅಂತಿಮ ಒಪ್ಪಿಗೆ ಕೊಡುವ ಅವಕಾಶ ಸಿಗಲೇಬೇಕು ಅಂತ ಅದೇ ಐಸಿಎಂಜೆಇ ಹೇಳುತ್ತದೆ. ತೋರಿಸದೆ ಕಳಿಸಿ ಒಪ್ಪಿಗೆ ಇಲ್ಲ ಅನ್ನುವಂತಿಲ್ಲ! ಈ ಸಾಲು ತೋರಿಸಿದ ಮೇಲೆ ಸಮಿತಿ ನನ್ನ ಪರವಾಗಿ ಪತ್ರ ಕೊಟ್ಟಿತು.

ಸ್ಥಾನದ ವಿಷಯ ಇನ್ನೂ ಸೂಕ್ಷ್ಮ. ನಮ್ಮಲ್ಲಿ ಬಡ್ತಿಗೆ ಮೊದಲ ಮೂರು ಹೆಸರಿನಲ್ಲಿರಬೇಕು, ಇಲ್ಲವೇ ಕರೆಸ್ಪಾಂಡಿಂಗ್ ಆಥರ್ (ಜರ್ನಲ್ ಜೊತೆ ಪತ್ರವ್ಯವಹಾರ ಮಾಡುವ ಲೇಖಕ) ಆಗಿರಬೇಕು. ನಾನು ಮೂರನೆಯದು ಕೇಳಿದ್ದರೆ ಒಬ್ಬ ಕಿರಿಯನ ಬಡ್ತಿ ಹೋಗುತ್ತಿತ್ತು, ಅವನು ತಿದ್ದುಪಡಿಗೆ ಸಹಿ ಹಾಕುತ್ತಿರಲಿಲ್ಲ. ಒಬ್ಬ ಲೇಖಕ ಒಪ್ಪದಿದ್ದರೂ ಜರ್ನಲ್ ಮುಂದಕ್ಕೆ ಹೋಗಲ್ಲ. ಐದನೆಯದು ಕೇಳಿದೆ. ನನ್ನ ಬಡ್ತಿಗೆ ಉಪಯೋಗವಿಲ್ಲ, ಆದರೆ ಆ ಮನೆಗಳಿಗೆ ಹೋದವನು ಯಾರು ಅನ್ನುವುದು ದಾಖಲೆಯಲ್ಲಿ ಇರಬೇಕಿತ್ತು. ಸಹಿಗಳನ್ನು ಯಾರಿಂದ ಶುರು ಮಾಡಿದೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಎದುರು ಸಿಕ್ಕರೆ ಹೇಳುತ್ತೇನೆ.

ಹೆಸರಿನ ಅಕ್ಷರವನ್ನೂ ಮೊದಲೇ ಗಟ್ಟಿ ಮಾಡಿಕೊಳ್ಳಿ. ನನ್ನದು ಎರಡು ಇನಿಷಿಯಲ್: ಊರು, ಅಪ್ಪ. ಫಾರಂ ಸರ್‌ನೇಮ್ ಕೇಳುತ್ತದೆ. ಹಿಂದೊಂದು ಪೇಪರ್ ವೈದ್ಯಕೀಯ ಲೇಖನಗಳ ಸೂಚಿ ಪಬ್‌ಮೆಡ್‌ನಲ್ಲಿ ಅಪ್ಪನ ಹೆಸರಲ್ಲಿ ಕೂತಿದೆ. ಈ ಸಲ ಆರ್ಕಿಡ್‌ನಲ್ಲಿ ಇದ್ದಂತೆಯೇ ಬರೆದೆ.

ತಿದ್ದುಪಡಿಗೆ ನಮ್ಮ ಜರ್ನಲ್ ಶುಲ್ಕ ಕೇಳಲಿಲ್ಲ. ವಕೀಲರು, ಬೆಂಗಳೂರಿನ ಓಡಾಟ, ಜೆರಾಕ್ಸ್ ಎಲ್ಲ ಸೇರಿ ಒಂಬತ್ತು ಸಾವಿರದ ಆಸುಪಾಸು ಆಯಿತು. ಶುರುವಿನಿಂದ ಹತ್ತಿರ ಹತ್ತಿರ ಒಂದೂವರೆ ವರ್ಷ, ಅದರಲ್ಲಿ ಈ ದಾರಿ ಹಿಡಿದ ಮೇಲೆ ನಾಲ್ಕೈದು ತಿಂಗಳಷ್ಟೇ. ಪಬ್‌ಮೆಡ್‌ನಲ್ಲಿ ಹಳೇ ಪೇಪರಿಗೆ ತಿದ್ದುಪಡಿಯ ಕೊಂಡಿ ತಾನಾಗಿಯೇ ಬಂತು. ಸ್ಕೋಪಸ್ ಅನ್ನುವ ಇನ್ನೊಂದು ಸೂಚಿಯಲ್ಲಿನ ನನ್ನ ಪ್ರೊಫೈಲಿಗೆ ಮಾತ್ರ ಬೇರೆ ಅರ್ಜಿ ಹಾಕಿದ್ದೇನೆ, ಅದಿನ್ನೂ ಬಾಕಿ ಇದೆ.